ಲೈಟ್ ಆರಿಸಾಕ ಪಗಾರ

ಗೋವಾದ ಮೂರು ದಿನಗಳಲ್ಲಿ ಎರಡರ ಬಗ್ಗೆ ಹೇಳುವಂಥದ್ದೇನಿಲ್ಲ. ಕಾರವಾರದಿಂದ ಬಸ್ಸು ಹತ್ತಿ ಕಾಣಕೋಣದಲ್ಲಿ ಇಳಿದೆ, ಬಂಗಡೆ ಊಟ ಮಾಡಿದೆ. ಬಂಗಡೆ ನಮ್ಮ ಅಂಕೋಲಾದ್ದೇ ವಾಸಿ.

ಅಗೋಂದದಲ್ಲಿ 'ಸಮುದ್ರಕ್ಕೆ ಮುಖ' ಎಂದು ದುಡ್ಡು ಕಟ್ಟಿಸಿಕೊಂಡ ಕೋಣೆಯ ಮುಖ ಇದ್ದದ್ದು ಫ್ಲಡ್‌ಲೈಟಿಗೆ. ಪರದೆಯೋ ಸೊಳ್ಳೆಪರದೆಯಷ್ಟು ತೆಳು. ನೀವು ಹೋಗುವುದಾದರೆ ಎ.ಸಿ. ಇದೆಯೇ ಎಂದು ಕೇಳುವ ಮೊದಲು ಕಿಟಕಿಯಾಚೆ ಎಂಥ ಲೈಟಿದೆ ಎಂದು ಕೇಳಿ. ರಾತ್ರಿ ಎರಡಕ್ಕೆ ಎದ್ದು ದಂಡೆಗೆ ಹೋದೆ. ಕತ್ತಲಿದ್ದ ಕಡೆ ನಡೆದು, ಮೊಬೈಲ್ ಟಾರ್ಚ್ ಹಾಕಿದ್ದೇ ತಡ, "ಲೈಟ್ ಬಂದ್ ಕರೋ!" ಎಂಬ ಕೂಗು. ಹಿಂದೆಯೇ ಸಣ್ಣಗೆ, "ಎಷ್ಟ್ ಹೇಳಿದ್ರೂ ಕೇಳಂಗಿಲ್ಲ ಈ ಮಂದಿ."

"ಆರಿಸಿದೆನಪ್ಪಾ" ಎಂದೆ.

"ಅಯ್ಯ, ನಮ್ಮವ್ರೇನ್ರೀ ಅಕ್ಕಾರ?"

ರೋಣದ ಕಡೆಯವನು. ಪಕ್ಕದ ಗುಡಿಸಲು ಹೋಟೆಲಿನ ರಾತ್ರಿ ಕಾವಲು. ಬಲೆ ಕಟ್ಟಿದ ಆಮೆ ಗೂಡೊಂದನ್ನು ತೋರಿಸಿದ. ಆಲಿವ್ ರಿಡ್ಲಿ ಮರಿಗಳು ರಾತ್ರಿ ಮರಳಿನಿಂದ ಎದ್ದು ಬೆಳಕು ಹೆಚ್ಚಿರುವ ಕಡೆ ಓಡುತ್ತವೆ. ದೀಪಗಳಿಲ್ಲದ ಕಾಲದಲ್ಲಿ ಅದು ಚುಕ್ಕಿಗಳ ಬೆಳಕಿಗೆ ಹೊಳೆಯುವ ಕಡಲೇ. "ಹ್ವಾದ ವರ್ಷ ನಮ್ಮ ಅಡಗಿಮನಿ ಲೈಟಿಗೆ ಬಂದಿದ್ವು. ಬಕೀಟಿನ್ಯಾಗ ಹೊತ್ತು ಸಮುದ್ರಕ್ಕ ಬಿಟ್ಟೆ. ಆವಾಗಿಂದ ಹತ್ತರ ಮ್ಯಾಲೆ ಎಲ್ಲಾ ಬಂದ್. ನಮ್ಮೂರಾಗ ಕರೆಂಟ್ ಇಲ್ಲಂತ ಅಳತಿದ್ವಿ, ಇಲ್ಲಿ ಆರಿಸಾಕ ಪಗಾರ ಕೊಡ್ತಾರ ನೋಡ್ರಿ!"

ನಕ್ಕೆ. ಆದರೆ ಮನಸ್ಸು ಕಚೇರಿಗೆ ಹೋಗಿತ್ತು. ಪಂಚಾಯಿತಿ ಕಾರ್ಯದರ್ಶಿಯಾಗಿದ್ದಷ್ಟು ವರ್ಷ ಬೀದಿದೀಪ ಹಾಕಿಸಿ ಎಂಬ ಅರ್ಜಿಗಳನ್ನೇ ಕಂಡವಳು ನಾನು. ತೆಗೆಸಿ ಎಂದು ಒಬ್ಬರೂ ಬರೆದಿರಲಿಲ್ಲ. 2011ರ ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯೂ ನೆನಪಾಯಿತು. ಮಾಂದ್ರೆ, ಮೊರ್ಜಿ, ಗಾಲ್ಜಿಬಾಗ್, ಅಗೋಂದಗಳ ಹೆಸರು ಹಿಡಿದು, ಆಮೆ ಮೊಟ್ಟೆಯಿಡುವ ಜಾಗದಲ್ಲಿ ಅಭಿವೃದ್ಧಿ ಚಟುವಟಿಕೆ ಕೂಡದು ಎನ್ನುತ್ತದೆ. ಆ ಸಾಲುಗಳಲ್ಲಿ ದೀಪದ ಮಾತಿಲ್ಲ. ಅಮೆರಿಕದ ಫ್ಲಾಗ್‌ಸ್ಟಾಫ್ ನಗರಸಭೆ 1958ರಲ್ಲೇ, ಅಲ್ಲಿನ ಖಗೋಳ ವೀಕ್ಷಣಾಲಯದ ಸಲುವಾಗಿ, ಜಾಹೀರಾತಿನ ಸರ್ಚ್‌ಲೈಟುಗಳಿಗೆ ಕಡಿವಾಣ ಹಾಕಿತ್ತು. ಫ್ಲೋರಿಡಾದ ಕರಾವಳಿ ಊರುಗಳ ಆಮೆ ಕಾನೂನುಗಳಂತೂ ದೀಪ ತಗ್ಗಿನಲ್ಲಿರಬೇಕು, ಮರೆಯಿರಬೇಕು, ಕೇಸರಿ-ಕೆಂಪು ಬಣ್ಣದ್ದಾಗಿರಬೇಕು ಎಂದು ಬಿಡಿಸಿ ಬರೆಯುತ್ತವೆ. ಠರಾವು ಬರೆದು ಪಳಗಿದ ಕೈ ನನ್ನದು. ಇಷ್ಟನ್ನು ಬರೆಯಲು ಅರ್ಧ ಪುಟ ಸಾಕು.

"ನಿಮ್ ಪಂಚಾಯ್ತಿಯವ್ರು ಏನೂ ಹೇಳಲ್ವಾ?"

"ಫಾರೆಸ್ಟ್‌ನವ್ರು ಬಂದು ಹೇಳ್ತಾರ್ರಿ. ಅವ್ರು ಹ್ವಾದ ಮ್ಯಾಲೆ ಒಬ್ಬೊಬ್ಬರು ಹಚ್ತಾರ. ಅಗೋ, ಅದೊಂದು ನೋಡ್ರಿ."

ಇಡೀ ದಂಡೆಯಲ್ಲಿ ಎಲ್ಲಕ್ಕಿಂತ ಜೋರಾಗಿ ಉರಿಯುತ್ತಿದ್ದದ್ದು ನನ್ನ ಕೋಣೆಯ ಮುಂದಿನ ಫ್ಲಡ್‌ಲೈಟ್. ಅಲ್ಲೇ ಇಳಿದಿದ್ದೇನೆ ಎಂದು ಅವನಿಗೆ ಹೇಳಲು ಬಾಯಿ ಬರಲಿಲ್ಲ.

ವಾಪಸು ಹೋಗಿ ಕೌಂಟರಿನ ಹುಡುಗನನ್ನು ಎಬ್ಬಿಸಿದೆ. ಕತ್ತಲೆಂದರೆ ಗೆಸ್ಟುಗಳು ಹೆದರುತ್ತಾರೆ, ಸ್ವಿಚ್ಚು ಸಾಹೇಬರ ಕೋಣೆಯೊಳಗಿದೆ, ಬೀಗ ಹಾಕಿದ್ದಾರೆ ಎಂದ. ಬೆಡ್‌ಶೀಟನ್ನು ಕಿಟಕಿಗೆ ಕಟ್ಟಿ ಮಲಗಿದೆ.