ಆರನೇ ದಿನದ ಹೆಗಲು ನೋವು

ಸಿಂಧನೂರು ಕಡೆಯ ಭತ್ತದ ರೈತರು. ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಊದಿಕೊಂಡು ರಾಯಚೂರಿನ ವಾರ್ಡಿಗೆ ಬಂದು ಆರನೇ ದಿನ. ಸೇರಿದಾಗ ಮಿತಿಯ ಮೂರು ಪಟ್ಟು ದಾಟಿದ್ದ ಲೈಪೇಸ್, ಅಂದರೆ ಆ ಗ್ರಂಥಿಯ ಕಿಣ್ವ, ರಕ್ತದಲ್ಲಿ ಇಳಿದಿತ್ತು. ಬೆನ್ನಿಗೆ ಇರಿಯುತ್ತಿದ್ದ ಹೊಟ್ಟೆನೋವು ತಗ್ಗಿ ಗಂಜಿ ಕುಡಿಯುತ್ತಿದ್ದರು. ಮರುದಿನ ಮನೆಗೆ ಕಳಿಸುವ ಮಾತಿತ್ತು. ರೌಂಡ್ಸಿನಲ್ಲಿ ಅವರೇ ಅಂದರು: “ಹೊಟ್ಟಿ ಕಡಿಮಿ ಆಗ್ಯಾದ್ರಿ ಸಾರ್, ಆದ್ರ ಈ ಎಡಗಡಿ ಹೆಗಲು ಯಾಕೋ ಹಿಡಕೊಂಡಾದ.”

ಮಲಗಿ ಮಲಗಿ ಹಿಡಿದಿರಬೇಕು ಅಂತ ಮುಲಾಮು ಬರೆದುಬಿಡುವುದು ಬಹಳ ಸುಲಭ. ಎಡ ಪಕ್ಕೆಲುಬಿನ ಕೆಳಗೆ ಕೈಯಿಟ್ಟಾಗ ಅವರ ಉಸಿರು ಅರ್ಧಕ್ಕೇ ನಿಂತಿತು. ಅಲ್ಲಿರುವುದು ಗುಲ್ಮ (ಸ್ಪ್ಲೀನ್); ಅದರ ಮೇಲಿನ ವಪೆ, ಅಂದರೆ ಉಸಿರಾಟದ ಸ್ನಾಯು ಪರದೆ, ಕೆರಳಿದರೆ ನೋವು ಹೆಗಲಲ್ಲಿ ಕಾಣುತ್ತದೆ.

ಮೇದೋಜೀರಕ ಗ್ರಂಥಿಯ ಬಾಲ ಗುಲ್ಮದ ಬಾಗಿಲವರೆಗೂ (ರಕ್ತನಾಳಗಳು ಒಳಹೊಗುವ ಜಾಗ) ಚಾಚಿದೆ. ಗುಲ್ಮದ ಅಪಧಮನಿ ಗ್ರಂಥಿಯ ಮೇಲಂಚಿನಲ್ಲಿ ಅಂಕುಡೊಂಕಾಗಿ ಸಾಗಿದರೆ, ಅಭಿಧಮನಿ ಅದರ ಬೆನ್ನಿಗೇ ಅಂಟಿಕೊಂಡಿರುತ್ತದೆ. ಗ್ರಂಥಿ ಊದಿಕೊಂಡಾಗ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸೋರಿದ ರಸ ಅಪಧಮನಿಯ ಗೋಡೆಯನ್ನೇ ತಿಂದರೆ ಅಲ್ಲೊಂದು ತೆಳು ಗುಳ್ಳೆ ಏಳುತ್ತದೆ. ಲೈಪೇಸ್ ಇಳಿದ ಮಾತ್ರಕ್ಕೆ ಇದ್ಯಾವುದೂ ನಿಲ್ಲುವುದಿಲ್ಲ.

ಹೊಟ್ಟೆಯ ಗ್ಯಾಸಿನಿಂದಾಗಿ ಅಲ್ಟ್ರಾಸೌಂಡಿನಲ್ಲಿ ಈ ಜಾಗ ಸರಿಯಾಗಿ ಕಾಣುವುದಿಲ್ಲ. ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿಕೊಂಡು ಕಾಂಟ್ರಾಸ್ಟ್ ಸಿ.ಟಿ.ಗೆ (ರಕ್ತನಾಳಗಳು ಎದ್ದು ಕಾಣಲು ಔಷಧಿ ಚುಚ್ಚಿ ತೆಗೆಯುವ ಸ್ಕ್ಯಾನ್) ಕಳಿಸಿದೆವು. ಚೀಟಿಯಲ್ಲಿ “ಅಪಧಮನಿ ಹಂತ, ಅಭಿಧಮನಿ ಹಂತ, ಎರಡೂ ಬೇಕು” ಎಂದು ಬರೆಯಲೇಬೇಕು. ಮೊದಲ ಹಂತ ಬಿಟ್ಟರೆ ಗುಳ್ಳೆ ಕಣ್ತಪ್ಪಬಹುದು. ಪರದೆಯ ಮೇಲೆ ಬೆಳ್ಳಗಿದ್ದ ಗುಲ್ಮದಲ್ಲಿ ಕಲ್ಲಂಗಡಿ ಹೋಳಿನಂಥ ಒಂದು ಕಪ್ಪು ತುಂಡು: ಅಗಲದ ಕಡೆ ಹೊರಕ್ಕೆ, ಚೂಪು ತುದಿ ಬಾಗಿಲ ಕಡೆಗೆ. ಅಷ್ಟು ಭಾಗಕ್ಕೆ ರಕ್ತವೇ ಹೋಗುತ್ತಿರಲಿಲ್ಲ. ಅಭಿಧಮನಿಯಲ್ಲಿ ಹೆಪ್ಪು ಇತ್ತು, ಗುಳ್ಳೆ ಇರಲಿಲ್ಲ.

ಇಂಥ ತುಂಡಿಗೆ ಸಾಮಾನ್ಯವಾಗಿ ಆಪರೇಷನ್ ಬೇಡ. ನೋವಿಗೆ ಔಷಧಿ, ದಿನವೂ ಹಿಮೋಗ್ಲೋಬಿನ್, ಜ್ವರದ ಮೇಲೆ ಕಣ್ಣು. ಜ್ವರ ಬಿಡದಿದ್ದರೆ ಕೀವಾಗಿದೆಯೇ ಎಂದು ಮತ್ತೆ ಸ್ಕ್ಯಾನ್. ಹಿಮೋಗ್ಲೋಬಿನ್ ದಿಢೀರ್ ಕುಸಿದರೆ ಗುಲ್ಮ ಒಡೆದಿರಬಹುದು, ತಡಮಾಡುವಂತಿಲ್ಲ. ರಕ್ತ ತೆಳುಮಾಡುವ ಔಷಧಿಯನ್ನು ಎಲ್ಲರಿಗೂ ಕೊಡುವುದಿಲ್ಲ. ರಕ್ತ ಸೋರುವ ಅಪಾಯ ತೂಗಿ ನೋಡಿಯೇ ತೀರ್ಮಾನ. ಗುಳ್ಳೆ ಇದ್ದಿದ್ದರೆ ದಾರಿಯೇ ಬೇರೆ: ಮೊದಲು ತೊಡೆಯ ರಕ್ತನಾಳದಿಂದ ತಂತಿಸುರುಳಿ ಕಳಿಸಿ ಅದನ್ನು ಮುಚ್ಚಿಸಬೇಕು. ಅದಕ್ಕೂ ಮುಂಚೆ ಸೋರಿದ ರಸ ಪಕ್ಕದಲ್ಲಿ ಕಟ್ಟಿಕೊಂಡ ನೀರುಗುಳ್ಳೆಗೆ ಸೂಜಿ ಚುಚ್ಚಿದರೆ ರಕ್ತಸ್ರಾವದಿಂದ ಜೀವವೇ ಹೋಗಬಹುದು.

ಅಭಿಧಮನಿ ಮುಚ್ಚಿದ ಮೇಲೆ ಗುಲ್ಮದ ರಕ್ತ ಜಠರದ ಮೇಲ್ಭಾಗದ ಸಣ್ಣ ನಾಳಗಳಲ್ಲಿ ದಾರಿ ಹುಡುಕುತ್ತದೆ. ಅವು ಉಬ್ಬಿ, ತಿಂಗಳುಗಳಾದ ಮೇಲೂ ಒಡೆಯಬಹುದು. ಹಾಗಾಗಿ ಮನೆಗೆ ಹೊರಟಾಗ ಅವರ ಹೆಂಡತಿಯನ್ನು ಕೂರಿಸಿಕೊಂಡು ಎರಡು ಸಲ ಹೇಳಿದೆವು: “ಸೆರೆ ಕುಡಿಯಂಗಿಲ್ಲವ್ವ. ಸಂಡಾಸ ಡಾಂಬರಿನಂಗ ಕರ್ರಗಾದ್ರ, ಇಲ್ಲಾ ವಾಂತ್ಯಾಗ ರಕ್ತ ಕಂಡ್ರ, ಬೆಳಗಾಗೋತನ ಕಾಯಬ್ಯಾಡ್ರಿ. ಈ ಸ್ಕ್ಯಾನ್ ಚೀಟಿ ತಗೊಂಡೇ ಬರ್ರಿ.”