ಎಂಟು ಲಕ್ಷದಲ್ಲಿ ತೋಟ ಇದ್ದವರು ಎಷ್ಟು?

ಪುನರ್ವಸು ಮಳೆ ಈ ವಾರ ಸ್ವಲ್ಪ ಹೊಳವು ಕೊಟ್ಟಿತು. ಹೊಳವಾದರೆ ತೀರ್ಥಹಳ್ಳಿ ಸೀಮೆಯಲ್ಲಿ ಎಲ್ಲರಿಗೂ ಒಂದೇ ಕೆಲಸ, ಕೊಳೆರೋಗ ಬಾರದ ಹಾಗೆ ಅಡಿಕೆಗೆ ಎರಡನೇ ಸಲದ ಔಷಧಿ. ಹೊಡೆಯುವವರು ಸಿಕ್ಕಾಗ ಮಳೆ ಬಿಡುವುದಿಲ್ಲ, ಮಳೆ ಬಿಟ್ಟಾಗ ಹೊಡೆಯುವವರು ಸಿಕ್ಕುವುದಿಲ್ಲ. ಈ ಸಲ ಎರಡೂ ಕೂಡಿಬಂತು ಅಂತ ಚಿಕ್ಕಪ್ಪ ಫೋನ್ ಮಾಡಿದ್ದರು. ಶಿವಮೊಗ್ಗದಿಂದ ಬೆಳಗಿನ ಬಸ್ಸು ಹಿಡಿದೆ. ನಾನು ಹೋಗಿ ಅಲ್ಲಿ ಮಾಡುವುದು ಅಷ್ಟರಲ್ಲೇ ಇದೆ. ಆಳುಗಳ ತಿಂಡಿಗೆ ಚಿಕ್ಕಮ್ಮನ ಜೊತೆ ಕೈ ಸೇರಿಸುವುದು, ಉಳಿದ ಹೊತ್ತು ಅಂಗಳದಲ್ಲಿ ನಿಂತು ನೋಡುವುದು.

ಆ ಔಷಧಿಯೇ ಬೋರ್ಡೋ, ತುತ್ತ-ಸುಣ್ಣದ ಮಿಶ್ರಣ. ಚಿಕ್ಕಪ್ಪ ಅದನ್ನು ಕೂಡಿಸುವ ಕ್ರಮ ನೋಡಿದರೆ ಮನುಷ್ಯ ಸ್ವಲ್ಪ ಅತಿ ಅನ್ನಿಸುತ್ತದೆ. ಹಿಂದಿನ ರಾತ್ರಿಯೇ ಒಂದು ಕೆಜಿ ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಬಟ್ಟೆಯಲ್ಲಿ ಗಂಟು ಕಟ್ಟಿ 50 ಲೀಟರ್ ನೀರಿನ ಡ್ರಮ್ಮಿನ ಬಾಯಿಗೆ ಇಳಿಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಅದು ತಾನೇ ಕರಗಿ ನೀರೆಲ್ಲ ನೀಲಿ. ಇನ್ನೊಂದು ಡ್ರಮ್ಮಿನಲ್ಲಿ ಅಷ್ಟೇ ನೀರು, ಒಂದು ಕೆಜಿ ಸುಣ್ಣ, ಅದನ್ನು ಅರಳಿಸಿ ಸೋಸಬೇಕು. ಎರಡೂ ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ತಗಡಿನದಾದರೆ ಅವರು ಹತ್ತಿರ ಸೇರಿಸುವುದಿಲ್ಲ. ಆಮೇಲೆ ತುತ್ತದ ನೀರನ್ನು ತಂಬಿಗೆ ತಂಬಿಗೆಯಾಗಿ ಸುಣ್ಣದ ನೀರಿಗೆ ಹೊಯ್ಯುತ್ತ ಕೋಲಿನಿಂದ ತಿರುವುತ್ತಲೇ ಇರಬೇಕು. ಕೊನೆಗೆ ಕಲ್ಲಿಗೆ ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಅದ್ದಿ ಒಂದು ನಿಮಿಷ ಹಿಡಿಯುತ್ತಾರೆ. ಕತ್ತಿ ಕೆಂಪಾಗಿ ಬಂದರೆ ತಾಮ್ರ ಇನ್ನೂ ಬಿಡಿಯಾಗಿದೆ ಅಂತ ಲೆಕ್ಕ, ಮತ್ತೆ ಸುಣ್ಣ.

ಅಣ್ಣನ ಮಗ ಪಕ್ಕದಲ್ಲಿ ನಿಂತಿದ್ದ. ಡಿಪ್ಲೊಮಾ ಓದುವ ಹುಡುಗ, ಚುರುಕು. ಅವನ ಅಮ್ಮ ಬಂದವರಿಗೆಲ್ಲ ಫೋನಿನಿಂದ ಮಗ ಹಾಳಾದ ಅಂತ ದೂರುತ್ತಾಳೆ. ನನಗೆ ಹಾಗನ್ನಿಸಿಲ್ಲ. ತೋಟದ ಮಿಷನ್ನು ಕೆಟ್ಟರೆ ವಿಡಿಯೋ ನೋಡಿಯೇ ರಿಪೇರಿ ಮಾಡುವುದು ಅವನೇ, ಅವಳ ಮಿಕ್ಸಿಯನ್ನೂ ಅವನೇ ಎರಡು ಸಲ ಎಬ್ಬಿಸಿಕೊಟ್ಟಿದ್ದಾನೆ. ಅದಿರಲಿ. ಅವನು ಫೋನ್ ಮುಂದೆ ಹಿಡಿದ.

"ಅಜ್ಜಯ್ಯ, ನೀವು ಉಲ್ಟಾ ಮಾಡ್ತಾ ಇದೀರಿ. ಸುಣ್ಣ ತಂದು ತುತ್ತದ ನೀರಿಗೆ ಹೊಯ್ಯಬೇಕಂತೆ. ಅದೂ ಅರ್ಧ ಸಾಕು, ಸುಣ್ಣ ಕಮ್ಮಿ ಆದಷ್ಟೂ ಔಷಧಿ ಸ್ಟ್ರಾಂಗು. ಇಲ್ನೋಡಿ, ಎಂಟು ಲಕ್ಷ ಜನ ನೋಡಿದಾರೆ."

ಚಿಕ್ಕಪ್ಪ ಕೋಲು ತಿರುವುವುದು ನಿಲ್ಲಿಸಲಿಲ್ಲ. "ಎಂಟು ಲಕ್ಷದಲ್ಲಿ ತೋಟ ಇದ್ದವರು ಎಷ್ಟು ಮಾರಾಯ?"

"ಅದೆಲ್ಲ ತೋರ್ಸಲ್ಲ ಅಜ್ಜಯ್ಯ."

"ಹಾಗಾದ್ರೆ ಎಂತ ತೋರ್ಸ್ತದೆ ಅದು?"

ಹುಡುಗ ಏನೂ ಹೇಳಲಿಲ್ಲ. ಚಿಕ್ಕಪ್ಪನೂ ಉತ್ತರಕ್ಕೆ ಕಾದಂತೆ ಕಾಣಲಿಲ್ಲ, ಅವರ ಗಮನವೆಲ್ಲ ಕತ್ತಿಯ ಮೇಲಿತ್ತು. ನನಗೆ ಮಾತ್ರ ಆ ಮಾತು ತಲೆಯಿಂದ ಇಳಿಯಲೇ ಇಲ್ಲ. ದೋಸೆ ಹೊಯ್ಯುವಾಗ ಅದೇ, ವಾಪಸ್ ಬರುವ ಬಸ್ಸಿನಲ್ಲಿ ಮಂಡಗದ್ದೆ ದಾಟುವಾಗಲೂ ಅದೇ. ಎಂತ ತೋರ್ಸ್ತದೆ ಅದು?

ಆ ವಿಡಿಯೋವನ್ನು ನಾನೂ ಹಾಕಿಸಿಕೊಂಡು ನೋಡಿದೆ. ಚೆನ್ನಾಗಿದೆ, ಸುಳ್ಳು ಹೇಳಬಾರದು. ನೀಲಿ ನೀರಿಗೆ ಬಿಳಿ ಸುಣ್ಣ ಬಿದ್ದು ಮೋಡದ ಹಾಗೆ ಹರಡುವುದನ್ನು ನಿಧಾನಗತಿಯಲ್ಲಿ ತೋರಿಸಿದ್ದಾರೆ, ಹಿಂದೆ ಕೊಳಲು. ಅಡಿಕೆ ಮರ ಕಂಡೇ ಇಲ್ಲದವರೂ ಬೆರಳು ನಿಲ್ಲಿಸಿ ನೋಡುವಂಥದ್ದು. ತೊಂದರೆ ಇರುವುದು ಹೇಳಿದ ವಿಷಯದಲ್ಲಿ. ತುತ್ತದ ನೀರಿಗೆ ಸುಣ್ಣ ಹೊಯ್ದರೆ ಕಣ ದಪ್ಪವಾಗಿ ಬೇಗ ತಳ ಹಿಡಿಯುತ್ತದೆ, ಅಡಿಕೆಯ ಕೊನೆಗೆ, ಅಂದರೆ ಗೊನೆಗೆ, ಸರಿಯಾಗಿ ಅಂಟುವುದಿಲ್ಲ, ನಾಝಲ್ ಕಟ್ಟುತ್ತದೆ. ಸುಣ್ಣ ಸಾಲದೆ ಹೋದರೆ ಬಿಡಿಯಾಗಿ ಉಳಿದ ತಾಮ್ರ ಮಿಳ್ಳೆಯನ್ನು, ಅಂದರೆ ಎಳೆ ಅಡಿಕೆಯನ್ನು, ಸುಡುತ್ತದೆ. ಕೊಳೆ ಬಾರದಿರಲಿ ಅಂತ ಹೊಡೆದ ಔಷಧಿಗೇ ಅಡಿಕೆ ಉದುರಿದರೆ ಯಾರಿಗೆ ಹೇಳುವುದು?

ಯಾರಿಗೆ ಹೇಳುವುದು ಅನ್ನುವುದೂ ಬರೀ ಬಾಯಿಮಾತಲ್ಲ. ಹಾಗೆ ಕೈಸುಟ್ಟುಕೊಂಡ ಒಬ್ಬ ರೈತ ವಾಪಸ್ ಆ ವಿಡಿಯೋಗೆ ಹೋಗಿ ಹೆಬ್ಬೆರಳು ಕೆಳಗೆ ಮಾಡಿದ ಅನ್ನಿ. ಯೂಟ್ಯೂಬ್‌ನಲ್ಲಿ 2021ರ ನವೆಂಬರ್‌ನಿಂದ ಆ ಲೆಕ್ಕ ನೋಡುಗರಿಗೆ ಕಾಣುವುದೇ ಇಲ್ಲ. ಮೆಚ್ಚಿದವರ ಸಂಖ್ಯೆ ಕಾಣುತ್ತದೆ, ನೊಂದವರ ಸಂಖ್ಯೆ ಒಳಗೇ ಉಳಿಯುತ್ತದೆ. ಇನ್ನು ಈ ವ್ಯೂ. ಶಾರ್ಟ್ಸ್ ಅನ್ನುವ ಇಂಥ ಚುಟುಕು ವಿಡಿಯೋಗಳಿಗೆ 2025ರ ಮಾರ್ಚ್ 31ರಿಂದ ವಿಡಿಯೋ ಓಡಲು ಶುರುವಾದರೆ ಸಾಕು, ಒಂದು ವ್ಯೂ ಬಿತ್ತು. ಎಷ್ಟು ಹೊತ್ತು ನೋಡಿದಿರಿ ಅನ್ನುವ ಪ್ರಶ್ನೆ ಇಲ್ಲ. ಅದೇ ಇನ್ನೊಮ್ಮೆ ಸುತ್ತಿದರೆ ಇನ್ನೊಂದು. ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ಹಾದುಹೋದವರನ್ನೆಲ್ಲ ಬಳೆ ತೊಟ್ಟವರು ಅಂತ ಬರೆದುಕೊಂಡ ಹಾಗಾಯಿತು ಇದು. ಎಂಟು ಲಕ್ಷ ಅಂದರೆ ಎಂಟು ಲಕ್ಷ ಜನ ಅಂತ ನಮ್ಮ ಹುಡುಗ ತಿಳಿದಿದ್ದಾನೆ. ಅವನೊಬ್ಬನೇ ಅದನ್ನು ಎಷ್ಟು ಸಲ ಓಡಿಸಿದ್ದಾನೋ.

ತಿಂಡಿಗೆ ಕೂತಾಗ ಅವನಿಗೆ ಒಂದು ಪ್ರಯೋಗದ ಕಥೆ ಹೇಳಿದೆ. 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದದ್ದು, ಸಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಮಾಡಿದ್ದು. ಹೆಸರು ಕೇಳದ ತಂಡಗಳ 48 ಹಾಡು, ಕೇಳಲು ಬಂದವರು 14,000ಕ್ಕೂ ಹೆಚ್ಚು. ಕೆಲವರಿಗೆ ಬರೀ ಹಾಡು ಕೊಟ್ಟರು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಮಂದಿ ಇಳಿಸಿಕೊಂಡಿದ್ದಾರೆ ಅನ್ನುವುದನ್ನೂ ತೋರಿಸಿದರು. ಅಂಕಿ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ವಿಪರೀತ ಗೆದ್ದಿತು, ಸೋತದ್ದು ಪೂರಾ ನೆಲಕಚ್ಚಿತು. ಒಂದು ಗುಂಪಿನಲ್ಲಿ ಮೇಲೆದ್ದ ಹಾಡು ಇನ್ನೊಂದರಲ್ಲಿ ಎಲ್ಲೋ ಕೆಳಗಿರುತ್ತಿತ್ತು. ತೀರಾ ಚೆನ್ನಾಗಿದ್ದವು ಸೋತದ್ದು ಕಡಿಮೆ, ತೀರಾ ಕೆಟ್ಟವು ಗೆದ್ದದ್ದೂ ಕಡಿಮೆ. ನಡುವಿನವಕ್ಕೆ ಮಾತ್ರ ಯಾವ ಗತಿಯೂ ಆಗಬಹುದಿತ್ತು. ಮೊದಲು ಬಂದ ನಾಲ್ಕು ಜನ ಯಾವ ಕಡೆ ತಿರುಗಿದರೋ ಹಿಂದಿನವರೂ ಆ ಕಡೆಗೇ. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಹುಡುಗ ಕೇಳಿದ: "ಯಾವ ಹಾಡು ಅತ್ತೆ ಅವು?"

ಹಾಗಂತ ನಾನು ಇನ್ನೊಂದು ತುದಿಗೆ ಹೋಗಬಾರದು. ನಮ್ಮ ನೆಂಟರಲ್ಲೊಬ್ಬರು ಕವಿತೆ ಬರೆದು ಹಾಕುತ್ತಾರೆ. ಹನ್ನೊಂದು ಲೈಕ್ ಬರುತ್ತದೆ, ಅದರಲ್ಲಿ ಒಂದು ನನ್ನದು. "ಒಳ್ಳೇದನ್ನು ಯಾರು ಓದ್ತಾರೆ ಈಗ" ಅಂತ ಪ್ರತಿ ಮದುವೆ ಮನೆಯಲ್ಲೂ ಹೇಳುತ್ತಾರೆ. ಕವಿತೆ ಒಳ್ಳೆಯದಲ್ಲ. ಹನ್ನೊಂದೇ ಬಂತು ಅನ್ನುವುದರಿಂದ ಅದು ಒಳ್ಳೆಯದಾಗುವುದೂ ಇಲ್ಲ. ಎಂಟು ಲಕ್ಷಕ್ಕೆ ಕೇಳಿದ ಪ್ರಶ್ನೆಯನ್ನೇ ಹನ್ನೊಂದಕ್ಕೂ ಕೇಳಬೇಕಾಗುತ್ತದೆ, ಎಂತ ತೋರ್ಸ್ತದೆ ಅದು ಅಂತ.

ಬೋರ್ಡೋ ಮಿಶ್ರಣದ ಹುಟ್ಟಿನ ಕಥೆಯೇ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಫ್ರಾನ್ಸಿನ ಬೋರ್ಡೋ ಕಡೆ ದಾರಿಯಂಚಿನ ದ್ರಾಕ್ಷಿಯನ್ನು ಹೋಗಿಬರುವವರು ಕಿತ್ತು ತಿನ್ನುತ್ತಾರೆ ಅಂತ ರೈತರು ತುತ್ತ-ಸುಣ್ಣ ಕಲಸಿ ಬಳ್ಳಿಗೆ ಎರಚುತ್ತಿದ್ದರು. ವಿಷ ಹಾಕಿದ್ದಾರೆ ಅಂತ ಜನ ಹೆದರಲಿ ಅನ್ನುವುದಷ್ಟೇ ಉದ್ದೇಶ. ಪೂರ್ತಿ ನೋಡುವವರ ಕಣ್ಣಿಗಾಗಿ ಮಾಡಿದ ಕೆಲಸ, ಅವತ್ತಿನ ಕಾಲದ ವ್ಯೂ ಅನ್ನಿ. ಆ ದಾರಿಯಲ್ಲಿ ಎಷ್ಟೋ ಮಂದಿ ಓಡಾಡಿ ಆ ನೀಲಿ ನೋಡಿರಬೇಕು. ಮಿಲಾರ್ದೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರು 1882ರಲ್ಲಿ ಅಲ್ಲಿ ಹೋಗುವಾಗ ಬಣ್ಣ ಬಿಟ್ಟು ಎಲೆ ನೋಡಿದರು. ದಾರಿ ಬದಿಯ ಬಳ್ಳಿಗೆ ರೋಗ ಇಲ್ಲ, ಒಳಗಿನವಕ್ಕೆ ಇದೆ. ಅದರ ಬೆನ್ನು ಹತ್ತಿ 1885ರಲ್ಲಿ ಪ್ರಕಟಿಸಿದರು. ನಮ್ಮ ಕಡೆಗೆ ಬಂದರೆ, ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ಬರೆದರು. ಆ ಬರಹ ಚಿಕ್ಕಪ್ಪನ ಕಣ್ಣಿಗೆ ಬಿದ್ದಿಲ್ಲ, ಅವರ ಅಪ್ಪನ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ಆದರೂ ಕತ್ತಿ ಅದ್ದಿ ನೋಡುವುದು ಅಪ್ಪನಿಂದ ಮಗನಿಗೆ ಬಂದಿದೆ. ಪಕ್ಕದ ತೋಟದವರು ಬೇಲಿ ಆಚೆಯಿಂದ ನೋಡಿ ಕಲಿತಿದ್ದಾರೆ. ಸುಣ್ಣ ಕಡಿಮೆ ಮಾಡಿದವರ ತೋಟದಲ್ಲಿ ಮಿಳ್ಳೆ ಉದುರಿದ್ದನ್ನು ನೋಡಿಯೂ ಕಲಿತಿದ್ದಾರೆ, ಆ ಪಾಠ ಬಹಳ ದುಬಾರಿ.

ವಿಡಿಯೋದ ಅಂಕಿ ಸಂಜೆಗೆ ಬರುತ್ತದೆ. ಔಷಧಿಯ ಫಲ ಗೊತ್ತಾಗುವುದು ದೀಪಾವಳಿ ಹೊತ್ತಿಗೆ ಕೊನೆ ಇಳಿಸುವಾಗ. ಅಷ್ಟರಲ್ಲಿ ಆ ವಿಡಿಯೋ ಮಾಡಿದವರು ಇನ್ನೇನನ್ನೋ ಕದಡುತ್ತಿರುತ್ತಾರೆ. ಅವರನ್ನು ಬೈಯಲೂ ಮನಸ್ಸಾಗುವುದಿಲ್ಲ. ಸಂಜೆಯ ಅಂಕಿಯೇ ಕೂಲಿ ಅಂದಮೇಲೆ ದೀಪಾವಳಿಯ ತನಕ ಯಾರು ಕಾಯುತ್ತಾರೆ?

ಮಧ್ಯಾಹ್ನದ ಮೇಲೆ ಹುಡುಗನಿಗೆ ಹುರುಪು ಬಂತು. ಅಜ್ಜಯ್ಯನದ್ದೇ ಒಂದು ಮಾಡಿ ಹಾಕುತ್ತೇನೆ ಅಂದ. ಚಿಕ್ಕಪ್ಪ ಒಪ್ಪಿದರು, ಅಂಗಿಯನ್ನೂ ಬದಲಿಸಿಕೊಂಡು ಬಂದರು. ಕತ್ತಿ ಅದ್ದಿ ನಿಂತಾಗ ಜಗಳ ಶುರು. ಒಂದು ನಿಮಿಷ ಸುಮ್ಮನೆ ಕತ್ತಿ ತೋರಿಸಿದರೆ ಜನ ಹಾರಿಸಿಕೊಂಡು ಹೋಗ್ತಾರೆ, ಕಟ್ ಮಾಡ್ತೀನಿ ಅಂತ ಇವನು. ಆ ನಿಮಿಷ ಇಲ್ಲದಿದ್ದರೆ ವಿಡಿಯೋನೇ ಬೇಡ ಅಂತ ಅವರು. "ಹೋಗೋರು ಹೋಗ್ಲಿ, ಅವರ ಮನೇಲಿ ಅಡಿಕೆ ಇಲ್ಲ ಅಂತ ತಿಳ್ಕ." ಕೊನೆಗೆ ನಿಮಿಷ ಉಳಿಯಿತು, ಹಾಡು ಬೀಳಲಿಲ್ಲ.

ನಿನ್ನೆ ಅದರ ಕೆಳಗೆ ಹೋಗಿ ನೋಡಿದೆ. ಮುನ್ನೂರು ಚಿಲ್ಲರೆ ವ್ಯೂ. ಹೃದಯ ಕೆಲವು, "ಅಜ್ಜ ಸೂಪರ್" ಅಂತ ಒಬ್ಬರು, ನಮ್ಮ ನೆಂಟ ಕವಿಗಳದ್ದು ಒಂದು ನಾಲ್ಕು ಸಾಲು. ನಡುವೆ ಯಾರೋ ಕೇಳಿದ್ದರು: "ನಮ್ಮಲ್ಲಿ ಕಲ್ಲು ಸುಣ್ಣ ಸಿಗಲ್ಲ. ಚಿಪ್ಪಿನ ಸುಣ್ಣ ಆಗುತ್ತಾ? ಕತ್ತಿ ಕೆಂಪಾದ್ರೆ ಎಷ್ಟು ಸೇರಿಸಬೇಕು?" ಹುಡುಗ ಉತ್ತರ ಕೊಟ್ಟಿರಲಿಲ್ಲ, ಅವನಿಗೆ ಗೊತ್ತೂ ಇಲ್ಲ. ಊರಿನ ನೆಟ್‌ವರ್ಕ್ ಸಿಕ್ಕಿದಾಗ ಚಿಕ್ಕಪ್ಪನಿಗೆ ಓದಿ ಹೇಳಿದೆ.

"ಆಗ್ತದೆ ಅಂತ ಬರಿ. ಹಳೇದಾಗಿ ಹಿಟ್ಟಾಗಿರಬಾರದು, ಅಷ್ಟೆ. ಸುಣ್ಣದ ನೀರು ಸ್ವಲ್ಪ ಸ್ವಲ್ಪ ಹಾಕಿ ಮತ್ತೆ ಮತ್ತೆ ಕತ್ತಿ ಅದ್ದಬೇಕು, ಕೆಂಪು ನಿಲ್ಲೋವರೆಗೆ. ಕೂಡಿಸಿದ್ದನ್ನ ಆವತ್ತೇ ಹೊಡೀಬೇಕು, ಮಾರನೇ ದಿನಕ್ಕೆ ಇಡಬಾರದು. ಬರ್ಕೊಂಡ್ಯಾ ಮಾರಾಯ್ತಿ? ಅದಿರಲಿ, ಅವರದ್ದು ಯಾವೂರು? ಅಲ್ಲಿ ಮಳೆ ಬಿಟ್ಟಿದ್ಯಾ ಕೇಳು ಮೊದಲು."