ಬಿಡಿಸಿ ಬರೆದದ್ದು, ಕೂಡಿಸಿ ಕೇಳಿದ್ದು

"ಹೀಸ್ ಗಾನ್ ಕ್ವಯಟ್ ಆನ್ ಅಸ್."

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿ ಎರಡನೇ ವಾರ. ರಾತ್ರಿ ಪಾಳಿಯವರು ಬೆಳಗಿನವರಿಗೆ ಕೆಲಸ ಒಪ್ಪಿಸುವ ಹೊತ್ತು. ಇಲ್ಲಿ ಅದನ್ನು ಹ್ಯಾಂಡೋವರ್ ಅನ್ನುತ್ತಾರೆ. ಏಳನೇ ಕೋಣೆಯ ಅಜ್ಜನ ಬಗ್ಗೆ ಹಿರಿಯ ನರ್ಸ್ ಈ ಮಾತು ಹೇಳಿ ನನ್ನ ಮುಖ ನೋಡಿದರು. ಒಂದೊಂದು ಪದವೂ ನನಗೆ ಗೊತ್ತಿದ್ದದ್ದೇ. ಆನ್ ಅಂದರೆ ಮೇಲೆ, ಅಸ್ ಅಂದರೆ ನಾವು. ಹಾಗಾದರೆ ಅಜ್ಜನಿಗೆ ನಮ್ಮ ಮೇಲೆ ಸಿಟ್ಟು, ಮಾತು ಬಿಟ್ಟಿದ್ದಾರೆ ಅಂದುಕೊಂಡೆ. ಸಿಟ್ಟು ಇಳಿಯಲಿ, ಅವರ ಕೋಣೆಗೆ ಕೊನೆಗೆ ಹೋದರಾಯಿತು ಅಂತ ಬೇರೆ ಕೆಲಸಕ್ಕೆ ಕೈ ಹಾಕಿದೆ. ಐದು ನಿಮಿಷ ಕಳೆದಿರಲಿಲ್ಲ, ನರ್ಸ್ ಬಂದು "ಇನ್ನೂ ಹೋಗಿಲ್ಲವಾ?" ಅಂದರು. ಅವರು ಹೇಳಿದ್ದು ಬೇರೆಯೇ: ಸದಾ ಮಾತಾಡುವ ಮನುಷ್ಯ ಇದ್ದಕ್ಕಿದ್ದ ಹಾಗೆ ಮೌನವಾಗಿದ್ದಾರೆ, ನನಗೆ ಯಾಕೋ ಸರಿ ಕಾಣುತ್ತಿಲ್ಲ, ಮೊದಲು ಅಲ್ಲಿಗೆ ಹೋಗು. ಅಜ್ಜನಿಗೆ ಜ್ವರ ಏರಿತ್ತು. ಡಾಕ್ಟರ್ ಬಂದರು, ಅಜ್ಜ ಚೇತರಿಸಿಕೊಂಡರು. ನನಗೆ ಮಾತ್ರ ಆ ಐದು ನಿಮಿಷ ಇವತ್ತಿಗೂ ಮರೆತಿಲ್ಲ.

ಅಂದಿನಿಂದ ಈ ಪುಟ್ಟ ಜೋಡಿಗಳ ಮೇಲೆ ನನಗೆ ಕಣ್ಣು. ಟು ಮಿ, ಫಾರ್ ಹರ್, ವಿಥ್ ಯು, ಆನ್ ಅಸ್. ಊರಲ್ಲಿ ಓದಿದ ಇಂಗ್ಲಿಷಿನಲ್ಲಿ ಇವಕ್ಕೆ ಅರ್ಧ ಪುಟವೂ ಇರಲಿಲ್ಲ. ಆಡುಮಾತಿನಲ್ಲಿ ಮಾತಿನ ಜೀವವೇ ಅಲ್ಲಿರುತ್ತದೆ.

ಆ ಆನ್ ಅಸ್ ಅನ್ನೇ ತೆಗೆದುಕೊಳ್ಳಿ. ಅದು ಮೇಲೆ-ಕೆಳಗೆಯ ಲೆಕ್ಕವಲ್ಲ; ನಡೆದದ್ದು ಯಾರಿಗೆ ತಟ್ಟಿತು ಅನ್ನುವುದನ್ನು ಹೇಳುತ್ತದೆ. ದಾರಿ ಮಧ್ಯೆ ಕಾರು ನಿಂತುಹೋದರೆ ಇಲ್ಲಿಯವರು "ದ ಕಾರ್ ಡೈಡ್ ಆನ್ ಮಿ" ಅನ್ನುತ್ತಾರೆ. ನಾವು "ಕಾರು ಕೈಕೊಟ್ಟಿತು" ಅನ್ನುತ್ತೇವೆ. ನಾವು ಕೈಯಲ್ಲಿ ಹೇಳುವ ನೋವನ್ನು ಅವರು ಆನ್ ಮಿ ಅನ್ನುವಷ್ಟರಲ್ಲಿ ಹೇಳಿ ಮುಗಿಸುತ್ತಾರೆ. ಅದೇ ಆನ್ ಮಿ ಕ್ಯಾಂಟೀನಿನಲ್ಲಿ "ದಿಸ್ ವನ್ಸ್ ಆನ್ ಮಿ" ಆದರೆ ಈ ಸಲದ ದುಡ್ಡು ನಂದು ಅಂತ. "ಹ್ಯಾವ್ ಯು ಗಾಟ್ ಎ ಪೆನ್ ಆನ್ ಯು?" ಅಂದರೆ ನಿನ್ನ ಹತ್ತಿರ ಪೆನ್ ಇದೆಯಾ ಅಂತ. ಆನ್ ಅಂದರೆ ಮೇಲೆ ಅಂತ ಬಾಯಿಪಾಠ ಮಾಡಿದವರಿಗೆ ಈ ಮೂರೂ ಕೈಗೆ ಸಿಗುವುದಿಲ್ಲ.

ನಮಗೆ ಇದು ಕಷ್ಟವಾಗುವುದಕ್ಕೆ ಕಾರಣ, ಕಾಗದದ ಮೇಲೆ ಎರಡು ಪದಗಳ ನಡುವೆ ಬಿಟ್ಟಿರುವ ಜಾಗ ಅಂತ ನನ್ನ ನಂಬಿಕೆ. ಕನ್ನಡದಲ್ಲಿ ನನಗೆ ಅನ್ನುವುದು ಒಂದೇ ಪದ. ನಾನು ಬೇರೆ, ಗೆ ಬೇರೆ ಅಂತ ಯಾರೂ ಒಡೆದು ನೋಡುವುದಿಲ್ಲ. ನನ್ನಿಂದ, ನನ್ನಲ್ಲಿ, ನನ್ನನ್ನು ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಪ್ರತ್ಯಯ ಸೇರುವಾಗ ನಾನು ನನ್ನ ಆಗುವ ಹಾಗೆ, ಇಂಗ್ಲಿಷಿನಲ್ಲೂ ಪ್ರಿಪೊಸಿಷನ್ ಬಂದ ಕೂಡಲೇ ಐ ಹೋಗಿ ಮಿ, ಹೀ ಹೋಗಿ ಹಿಮ್, ದೇ ಹೋಗಿ ದೆಮ್ ಬರುತ್ತದೆ. ನಮ್ಮಲ್ಲಿ ಹಿಂದೆ ಅಂಟುವುದು ಅಲ್ಲಿ ಮುಂದೆ ಅಂಟುತ್ತದೆ, ಅಷ್ಟೇ. ಬರೆಯುವಾಗ ಬಿಡಿಸಿ ಬರೆಯುತ್ತಾರೆ, ಆಡುವಾಗ ಕೂಡಿಸಿಯೇ ಆಡುತ್ತಾರೆ.

ಕೂಡಿಸುವುದು ಅಂದರೆ ನಿಜವಾಗಿ ಸಂಧಿಯೇ. "ಗಿವ್ ಇಟ್ ಟು ಹಿಮ್" ಅಂತ ಬರೆದದ್ದು ಕಿವಿಗೆ ಬೀಳುವುದು "ಗಿವಿಟುವಿಮ್" ಅಂತ. ಹಿಮ್‌ನ ಹಕಾರ ಬಿದ್ದುಹೋಯಿತು. ಟು ಮತ್ತು ಇಮ್ ನಡುವೆ ಒಂದು ವಕಾರ ಬಂದು ಕೂತಿತು. ಗುರು ಮತ್ತು ಅನ್ನು ಸೇರಿ ಗುರುವನ್ನು ಆದಂತೆಯೇ! ಬೈ ಹಿಮ್ ಅನ್ನುವುದು ಬೈಯಿಮ್ ಆಗುತ್ತದೆ, ಅಲ್ಲಿ ಯಕಾರ. ಆಗಮ ಸಂಧಿಯನ್ನು ಶಾಲೆಯಲ್ಲಿ ಕಲಿತ ಕಿವಿಗೆ ಇದು ಹೊಸದೇನಲ್ಲ. ಇದು ಅಸಡ್ಡೆಯ ಮಾತು ಅಂತ ತಿಳಿಯಬೇಡಿ. ರೇಡಿಯೋದಲ್ಲಿ ವಾರ್ತೆ ಓದುವವರೂ ಒತ್ತಿಲ್ಲದ ಕಡೆ ಹಿಮ್, ಹರ್‌ಗಳ ಹಕಾರವನ್ನು ನುಂಗುತ್ತಾರೆ. ಒತ್ತು ಬೇಕಾದಾಗ ಮಾತ್ರ ಅದು ಮರಳಿ ಬರುತ್ತದೆ: ಮಾತ್ರೆ ಅವಳಿಗಲ್ಲ, ಅವನಿಗೆ ಅನ್ನುವಾಗ "ಫಾರ್ ಹಿಮ್" ಅಂತ ಹಕಾರ ಸ್ಪಷ್ಟವಾಗಿ ಕೇಳುತ್ತದೆ.

ದೆಮ್ ಕೂಡ ಹೀಗೇ ಸವೆದು ಎಮ್ ಆಯಿತು ಅಂತ ತುಂಬಾ ದಿನ ತಿಳಿದಿದ್ದೆ. ವಿಷಯ ಅದಕ್ಕಿಂತ ಸ್ವಾರಸ್ಯದ್ದು. ದೇ, ದೆಮ್ ಮೂಲದಲ್ಲಿ ಇಂಗ್ಲಿಷಿನವೇ ಅಲ್ಲ, ಸ್ಕ್ಯಾಂಡಿನೇವಿಯಾದಿಂದ ಕಡಲು ದಾಟಿ ದಾಳಿಯಿಟ್ಟ ವೈಕಿಂಗರ ಜೊತೆ ಬಂದವು. ಯಾರ್ಕ್ ನಗರ ವೈಕಿಂಗರ ಕೈಸೇರಿದ್ದು 866ರಲ್ಲಿ. ಅವರ ಸರ್ವನಾಮಗಳು ಮೊದಲು ಬೇರೂರಿದ್ದೂ ಈ ಉತ್ತರದ ಸೀಮೆಯಲ್ಲೇ. ಅದಕ್ಕೂ ಮೊದಲಿನ ಇಂಗ್ಲಿಷ್ ರೂಪ ಹೆಮ್. 14ನೇ ಶತಮಾನದ ಲಂಡನ್ ಕವಿ ಚಾಸರ್ ಕೂಡ ದೇ ಅಂತ ಬರೆದರೂ ಜೊತೆಗೆ ಹೆಮ್ ಅಂತಲೇ ಬರೆದ. ಇವತ್ತು "ಟೆಲ್ ಎಮ್", "ಫಾರ್ ಎಮ್" ಅನ್ನುವಾಗ ಕೇಳಿಬರುವುದು ಆ ಹಳೆಯ ಹೆಮ್. ಪುಸ್ತಕದಿಂದ ಹೋದದ್ದು ನಾಲಗೆಯ ಮೇಲೆ ಉಳಿದಿದೆ.

ಕೆಲಸದಲ್ಲಿ ನನಗೆ ಹೆಚ್ಚು ಬೇಕಾದದ್ದು ಮಾತ್ರ ಪದಗಳ ಸರದಿ. "ಸಿಟ್ ಹರ್ ಅಪ್" ಅಂದರೆ ಅಜ್ಜಿಯನ್ನು ಎತ್ತಿ ಕೂರಿಸು. "ಸಿಟ್ ವಿಥ್ ಹರ್" ಅಂದರೆ ಅಜ್ಜಿಯ ಹತ್ತಿರ ಕೂತಿರು. "ಟರ್ನ್ ಹಿಮ್ ಓವರ್" ಅಂದರೆ ಮಗ್ಗುಲು ಬದಲಿಸು, "ಲುಕ್ ಆಫ್ಟರ್ ಹಿಮ್" ಅಂದರೆ ನೋಡಿಕೋ. ಒಂದರಲ್ಲಿ ಸರ್ವನಾಮ ನಡುವೆ ಕೂರುತ್ತದೆ, ಇನ್ನೊಂದರಲ್ಲಿ ಕೊನೆಗೆ. ಟ್ರೇ ಅಂತ ಹೆಸರು ಹಿಡಿದು ಹೇಳಿದರೆ "ಪಿಕ್ ಅಪ್ ದ ಟ್ರೇ" ಆದೀತು, "ಪಿಕ್ ದ ಟ್ರೇ ಅಪ್" ಕೂಡ ಆದೀತು. ಇಟ್ ಬಂದ ಕೂಡಲೇ "ಪಿಕ್ ಇಟ್ ಅಪ್" ಒಂದೇ ದಾರಿ. "ಪಿಕ್ ಅಪ್ ಇಟ್" ಅಂದರೆ ಎದುರಿನವರು ಹುಬ್ಬು ಗಂಟಿಕ್ಕುತ್ತಾರೆ. ಇದಕ್ಕೆ ಪಟ್ಟಿ ಉರುಹೊಡೆಯುವುದಕ್ಕಿಂತ ಒತ್ತನ್ನು ಕೇಳಿಸಿಕೊಳ್ಳುವುದು ಮೇಲು. ಸಿಟ್ಟರ್ ಅಪ್, ಟರ್ನಿಮ್ ಓವರ್: ಒತ್ತು ಅಪ್ ಮೇಲೆ, ಓವರ್ ಮೇಲೆ. ಅಲ್ಲಿ ಸರ್ವನಾಮ ಕ್ರಿಯಾಪದಕ್ಕೆ ಅಂಟಿಕೊಂಡು ನಡುವೆ ಕೂರುತ್ತದೆ. "ಲುಕ್ ಅಟಿಮ್" ಅನ್ನುವಾಗ ಒತ್ತು ಲುಕ್ ಮೇಲೆ. ಅಟ್ ತಾನೇ ಸಪ್ಪಗಿದೆ, ಹಾಗಾಗಿ ಅದೂ ಇಮ್ಮೂ ಕೂಡಿಕೊಂಡು ಹಿಂದೆ ಬರುತ್ತವೆ. ಪಾಳಿಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗಿಯರಿಗೆ ನಾನು ಹೇಳಿಕೊಡುವುದು ಇಷ್ಟನ್ನೇ, ಹೇಳುತ್ತಾ ಹಾಸಿಗೆಯ ಪಕ್ಕ ಕೈಯಲ್ಲಿ ಮಾಡಿಯೂ ತೋರಿಸುತ್ತೇನೆ.

ಇಲ್ಲಿ ಹುಟ್ಟಿ ಬೆಳೆದವರೂ ಎಡವುವ ಒಂದು ಜಾಗ ಇದೆ. "ಬಿಟ್ವೀನ್ ಯು ಅಂಡ್ ಮಿ" ಅನ್ನಬೇಕಾದಲ್ಲಿ "ಬಿಟ್ವೀನ್ ಯು ಅಂಡ್ ಐ" ಅನ್ನುತ್ತಾರೆ, ಅದೂ ತುಸು ಜಂಬದಿಂದ ಮಾತಾಡುವಾಗ. ಹೊಸ ಕಾಲದ ತಪ್ಪೇನಲ್ಲ, ಷೇಕ್ಸ್‌ಪಿಯರನ ಒಂದು ಪಾತ್ರ ಬರೆದ ಪತ್ರದಲ್ಲೂ ಇದೆ. ಪ್ರಿಪೊಸಿಷನ್ ಒಂದೇ ಸಲ ಬಂದು ಇಬ್ಬರಿಗೂ ಸಲ್ಲಬೇಕಾದಾಗ ಎರಡನೆಯವನ ಹೊತ್ತಿಗೆ ಅದರ ಹಿಡಿತ ಸಡಿಲವಾಗುತ್ತದೆ. ನಮಗೆ ಆ ಭಯವಿಲ್ಲ. ನಿನಗೂ ನನಗೂ ಅಂತ ನಾವು ಇಬ್ಬರಿಗೂ ಪ್ರತ್ಯಯ ಕೊಡುತ್ತೇವೆ. ಆ ನನಗೂ ಮನಸ್ಸಿನಲ್ಲಿದ್ದರೆ "ಫಾರ್ ಯು ಅಂಡ್ ಐ" ಅನ್ನುವುದು ಬಾಯಿಗೆ ಬರುವುದೇ ಇಲ್ಲ.

ಇನ್ನೊಂದು ಬಳಕೆಯನ್ನು ಇಲ್ಲಿಯ ವ್ಯಾಕರಣ ಪ್ರಿಯರು ಬಯ್ಯುತ್ತಾರೆ, ನನಗೆ ಮಾತ್ರ ಅದರ ಮೇಲೆ ಪ್ರೀತಿ. ಮನೆಯವರಿಗೆ ಫೋನ್ ಮಾಡುವಾಗ ನಮ್ಮ ರಿಸೆಪ್ಷನಿಸ್ಟ್ "ಈಸ್ ದಟ್ ಆಲ್‌ರೈಟ್ ಫಾರ್ ಯುವರ್‌ಸೆಲ್ಫ್?" ಅಂತ ಕೇಳುತ್ತಾರೆ. ಯು ಅಂದರೆ ಸಾಕಿತ್ತು, ಯುವರ್‌ಸೆಲ್ಫ್ ತಪ್ಪು ಅಂತ ಪುಸ್ತಕ ಹೇಳೀತು. ಆದರೆ ಇಂಗ್ಲಿಷಿನಲ್ಲಿ ನಿನಗೆ, ನಿಮಗೆ ಎರಡಕ್ಕೂ ಇರುವುದು ಟು ಯು ಒಂದೇ. ನಮ್ಮಲ್ಲಿರುವ ವಯಸ್ಸಾದ ಕೆಲವರು ಇನ್ನೂ ಆಪ್ತರಿಗೆ ಥೀ, ಥಾ ಅನ್ನುತ್ತಾರೆ, ಉಳಿದವರಿಗೆ ಆ ಭೇದ ಇಲ್ಲ. ಗೌರವ ತೋರಿಸಬೇಕು ಅನ್ನಿಸಿದಾಗ ಇನ್ನೆಲ್ಲಿಗೆ ಹೋಗುವುದು? ಕನ್ನಡದವರು ಏನು ಮಾಡಿದ್ದೇವೆ ನೋಡಿ: ತಾನು, ತಾವು ಅನ್ನುವುದು ಮೂಲತಃ ಸ್ವತಃ ಅನ್ನುವ ಸರ್ವನಾಮ. ಅದನ್ನೇ ಎದುರಿಗಿರುವ ಹಿರಿಯರಿಗೆ ತಿರುಗಿಸಿ "ತಮಗೆ ಅನುಕೂಲವಾಗುತ್ತದೆಯೇ?" ಅಂತ ಕೇಳುತ್ತೇವೆ. ರಿಸೆಪ್ಷನಿಸ್ಟ್ ಹುಡುಕಿಕೊಂಡ ದಾರಿಯೂ ಅದೇ. ಆಕೆ ಫಾರ್ ಯುವರ್‌ಸೆಲ್ಫ್ ಅಂದಾಗಲೆಲ್ಲ ನನಗೆ ತಮಗೆ ಅಂತಲೇ ಕೇಳಿಸುತ್ತದೆ.

ಕಳೆದ ಚಳಿಗಾಲದ ಒಂದು ರಾತ್ರಿ, ಸುಮಾರು ಮೂರು ಗಂಟೆ. ಹನ್ನೊಂದನೇ ಕೋಣೆಯ ಕರೆಗಂಟೆ ಬಾರಿಸಿತು. ಹೋದರೆ ಅಜ್ಜಿ ಕಣ್ಣು ತೆರೆದು ಮಲಗಿದ್ದರು. ನೀರು ಬೇಡ, ದಿಂಬು ಸರಿ ಇದೆ, ನೋವೂ ಇಲ್ಲ. ದೀಪ ಸಣ್ಣದು ಮಾಡಿ ಹೊರಡಬೇಕು, ಆಗ ಅವರು ಮೆಲ್ಲಗೆ ಅಂದರು, "ಸಿಟ್ ವಿದಸ್ ಎ ಬಿಟ್, ಲವ್."

ವಿಥ್ ಅಸ್. ಕೋಣೆಯಲ್ಲಿ ಅವರ ಹೊರತು ಬೇರೆ ಯಾರೂ ಇರಲಿಲ್ಲ. ಈ ಕಡೆ ಅಸ್ ಅಂದರೆ ಎಷ್ಟೋ ಸಲ ನಾನೊಬ್ಬಳೇ ಅಂತ ಅರ್ಥ. "ಗಿವ್ ಅಸ್ ಎ ಹ್ಯಾಂಡ್" ಅಂತ ಕೇಳುವವರು ಒಬ್ಬರೇ ಇರುತ್ತಾರೆ. ನಮ್ಮ ಹಿರಿಯರೂ ಹಾಗೇ ಅಲ್ಲವೇ, "ನಮಗೆ ವಯಸ್ಸಾಯ್ತಮ್ಮ" ಅನ್ನುವಾಗ ಹೇಳುವುದು ತಮ್ಮೊಬ್ಬರದನ್ನೇ. ನನಗೆ ಅಂತ ನೇರವಾಗಿ ಕೇಳಲು ಸಂಕೋಚ, ನಮಗೆ ಅಂದರೆ ಆ ಸಂಕೋಚ ಅರ್ಧ ಕಮ್ಮಿ.

ಕುರ್ಚಿ ಎಳೆದುಕೊಂಡು ಕೂತೆ. ನಿದ್ದೆ ಹತ್ತುವವರೆಗೂ ಅಜ್ಜಿ ನನ್ನ ಕೈಬೆರಳು ಬಿಡಲಿಲ್ಲ.